ಎರಡೆರಡು ಸಲ ಎಂಟರ್

ಅನುರಾಧಾ,

ಈ ಪತ್ರ ನಿನಗ ಕಳಸಂಗಿಲ್ಲ. ಆದರ ಇವತ್ತ ನಿನ್ನ ಬೈಲಿಲ್ಲಂದ್ರ ನನಗ ಊಟ ಸೇರಂಗಿಲ್ಲ.

ಅಂಕಲಗಿ ವಕೀಲರು ತಾವ ಟೈಪ್ ಮಾಡಿದ, ಆಸ್ತಿ ಪಾಲು ಮಾಡೂ ವಾಟ್ನಿ ಪತ್ರ ತಂದು, "ಚಂದಗೆ ಜೋಡಿಸಿ ಪ್ರಿಂಟ್ ಕೊಡವಾ" ಅಂದ್ರು. ಒಂದ ಕೀ ಒತ್ತಿದ್ರ ಪ್ಯಾರಾ ಎಲ್ಲಾ ಸರಿ ಮಾಡೂ, ನೀ ಬರದಿಟ್ಟು ಹೋದ ಮ್ಯಾಕ್ರೋ ಓಡಿಸಿದೆ. ಅದು ಸಹಿಗೆ ಬಿಟ್ಟ ಜಾಗಾ ಅರ್ಧಾ ನುಂಗಿಬಿಡ್ತು. ನಾನೂ ನೋಡಲಿಲ್ಲ. ಶಿವವ್ವ ಅನ್ನೋ ಮುದುಕಿ ಒತ್ತಿದ ಹೆಬ್ಬಟ್ಟು ಆಕಿ ಮೈದುನನ ಹೆಸರಿನ ಮ್ಯಾಲೆ ಬಿತ್ತು. ಸ್ಟಾಂಪ್ ಪೇಪರ್ ಹಾಳಾತು. "ಇಷ್ಟು ವರ್ಷ ಏನ್ ಕಲ್ತೀಯವಾ?" ಅಂತ ವಕೀಲರು ಮಂದಿ ಮುಂದ ಬೈದ್ರು.

ಸಿಟ್ಟಿಗೆ ಮೊದಲ ಸಲ ಆ ಮ್ಯಾಕ್ರೋ ಬಿಚ್ಚಿ ನೋಡಿದೆ. ಒಳಗ ನಿನ್ನ ಟಿಪ್ಪಣಿ ಇತ್ತು: "ಶೈಲಾ ಎಲ್ಲಾ ಕಡೆ ಎರಡೆರಡು ಸಲ ಎಂಟರ್ ಹೊಡೀತಾಳ. ಒಂದೊಂದು ತಗಿಬೇಕು. ಆಕಿಗೆ ಹೇಳಬಾರದು, ಅಳತಾಳ."

ವಕೀಲರು ನನ್ನಂಗ ಚಾಳಿಗೆ ಹೊಡದಿರಲಿಲ್ಲ, ಸಹಿಗೆ ಜಾಗಾ ಬೇಕಂತ ಎಂಟರ್ ಹೊಡದಿದ್ರು, ಅಷ್ಟ.

ಮೊದಲೆಲ್ಲಾ ನೀ ದಿನಾ ಹೇಳತಿದ್ದಿ, ಎರಡೆರಡು ಹೊಡೀಬ್ಯಾಡ ಅಂತ. "ತಪ್ಪ ಹುಡುಕೂದ ನಿನ್ನ ಚಾಳಿ" ಅಂತ ನಾ ಒದರಿದ ಮ್ಯಾಲೆ ಸುಮ್ಮನಾದಿ. ನಾ ಸುಧಾರಿಸೇನಿ ಅಂತ ತಿಳಕೊಂಡೆ. ಗೋಕಾಕದ ಈ ಟೈಪಿಂಗ್ ಅಂಗಡಿ ಬಿಟ್ಟು ನೀ ಸಂಕೇಶ್ವರಕ್ಕ ಹೊಂಟಾಗ ನಾ ಏನಂದೆ, ನೆನಪೈತಿ? "ನೀ ಇಲ್ಲಂದ್ರ ನನ್ನ ಕೆಲಸೇನ ನಿಲ್ಲಂಗಿಲ್ಲ."

ನಿಲ್ಲಲೂ ಇಲ್ಲ. ಎರಡು ವರ್ಷ ಒಂದೂ ತಪ್ಪಿಲ್ಲದ ನಡೀತು.

ಇರಲಿ, ಒಂದ ಮಾತರ ಹೇಳಬೇಕಿತ್ತಿಲ್ಲ ನೀ? ಅತ್ತಿದ್ರ ಅಳತಿದ್ದೆ.

ಈ ಪತ್ರದಾಗೂ ಎರಡೆರಡು ಸಲಾನ ಹೊಡದೇನಿ. ಮ್ಯಾಕ್ರೋ ಓಡಿಸಿಲ್ಲ.

ಶೈಲಾ