ಕವಳಿ ಬೇಲಿಯಾಚೆಯ ಕನ್ನಡ

ಮೇ 6, ಬೆಳಿಗ್ಗೆ 7
ಬೇಲಿಗೆ ಇವತ್ತೂ ನೀರಿಲ್ಲ. ಕವಳಿ ಗಿಡಕ್ಕೆ ಬೇಕೂ ಇಲ್ಲ. ತ್ರ್ಯಂಬಕೇಶ್ವರದ ದಾರಿಯಲ್ಲಿ ತಿಂದ ಹಣ್ಣಿನ ಹಸಿ ಬೀಜ, ಅಂಬಡ್‌ನ ಈ ಬ್ಯಾಂಕ್ ಕ್ವಾರ್ಟರ್ಸಿಗೆ ಬಂದ ವರ್ಷವೇ ಊರಿದ್ದು. ಈಗ ಎದೆಮಟ್ಟ. ಮೈತುಂಬ ಮುಳ್ಳು, ಮೊದಲ ಸಲ ಗೊಂಚಲು ಗೊಂಚಲು ಹುಳಿ ಕಾಯಿ. ಮೇಕೆಯೂ ಮೂಸುವುದಿಲ್ಲ. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಕೆಲಸದವಳೊಬ್ಬಳು ಕೈ ಹಾಕಿದಳು. ಹಿಂದಿಯಲ್ಲಿ ಗದರಿದೆ. ಅವಳು ಜೊತೆಗಿದ್ದ ತನ್ನ ಸೊಸೆಯತ್ತ ತಿರುಗಿ, ಅಚ್ಚ ಬಿಜಾಪುರದ ಮಾತಿನಲ್ಲಿ— "ಒಂದ್ ಹಿಡಿ ಕವಳಿಕಾಯಿ ಕೊಟ್ರ ಇವನ ಆಸ್ತಿ ಹೋಗತೈತೇನು? ಮಾರಿ ನೋಡು, ಹರಳೆಣ್ಣಿ ಕುಡದಾಂಗ."
ಕನ್ನಡ! ಸುಮ್ಮನೆ ಒಳಗೆ ಬಂದೆ. ನಗು ತಡೆಯಲಾಗಲಿಲ್ಲ. ಗೋದಾವರಿ ತೀರಿಕೊಂಡು ಎರಡು ವರ್ಷ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಕನ್ನಡವೇ ಇಲ್ಲ. ಮಗ ತನ್ಮಯ ಫೋನಿನಲ್ಲೂ ಮರಾಠಿ.

ಮೇ 9
ಹೆಸರು ಮಲಕವ್ವ. ಸೊಸೆ ಭುವನೇಶ್ವರಿ. ಮಧ್ಯಾಹ್ನ ಬೇಲಿ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಾರೆ. ನನಗೂ ಕನ್ನಡ ಬರುತ್ತದೆಂದು ಹೇಳಬೇಕು... ಹೇಳಿದರೆ ಬೈಗುಳ ನಿಂತು 'ಸಾಹೇಬ್ರ' ಶುರುವಾಗುತ್ತದೆ. ಬೇಡ. ಲಂಚ್‌ಗೆ ಈಗ ಮನೆಗೇ ಬರುತ್ತೇನೆ, ಅವರ ಮಾತು ಕೇಳಲು. ನಾಚಿಕೆಗೇಡು.

ಮೇ 14
ನಾನು ಹಾಕಿದ ಕವಳಿ ಉಪ್ಪಿನಕಾಯಿ ಕೆಟ್ಟಿತು. ಕೆಂಪಾದ ಕಾಯಿ ಹಾಕಿದ್ದೆ, ಜಾಡಿ ತುಂಬ ಅಂಟು. ಬೇಲಿಯ ಬುಡಕ್ಕೆ ಚೆಲ್ಲಿದ್ದನ್ನು ನೋಡಿ ಮಲಕವ್ವ ಸೊಸೆಗೆ ಪಾಠ ಮಾಡಿದಳು. ಹಸಿರು ಕಾಯೇ ಬೇಕಂತೆ. ಒಡೆದು ಬೀಜ ತೆಗೆದು, ಹಾಲಿನಂಥ ಅಂಟು ಬಿಡುವ ತನಕ ಉಪ್ಪುನೀರಲ್ಲಿ ನೆನೆಸಿ, ಬಿಸಿಲಿಗೆ ಹರವಿ, ಆಮೇಲೆ ಸಾಸಿವೆ, ಮೆಂತ್ಯ, ಖಾರ. ಕಿಟಕಿಯ ಪಕ್ಕ ನಿಂತು ವೋಚರಿನ ಹಿಂದೆ ಬರೆದುಕೊಂಡೆ.

ಮೇ 19
ಹಾಗೇ ಮಾಡಿದೆ. ಹೋಳು ಒಣಗಲು ಕಟ್ಟೆಯ ಮೇಲಿಟ್ಟಿದ್ದೆ, ಮಲಕವ್ವ ಕಂಡಳು. ಇವನಿಗೆ ಯಾರು ಹೇಳಿಕೊಟ್ಟರೆಂದು ಸೊಸೆ ಕೇಳಿದ್ದಕ್ಕೆ— "ಹೇಳಾಕ ಮನ್ಯಾಗ ಯಾರದಾರ? ಹೆಂಡ್ತಿ ಸತ್ತಾಳಂತ, ವಾಚ್‌ಮನ್ ಅಂದ. ಅದಕ್ಕ ಹಿಂಗ ಮುಳ್ಳಾಗ್ಯಾನ, ಪಾಪ."
ಪಾಪ. ಗೋದಾವರಿ ಹೋದಾಗ ಎಲ್ಲರೂ 'ಸಾರಿ ಸರ್' ಅಂದಿದ್ದರು. ಬಚ್ಚಲ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮೇ 29, ಸಂಜೆ
ಮಲಕವ್ವನವರ ಇಲ್ಲಿಯ ಕೆಲಸ ಮುಗಿಯಿತಂತೆ. ನಾಳೆ ಬೆಳಿಗ್ಗೆ ಟ್ರಕ್ಕು, ಸಂಭಾಜಿನಗರದ ಬೇರೆ ಕಟ್ಟಡಕ್ಕೆ. ಮಾತಾಡಿದರೆ ಇಷ್ಟು ದಿನ ಕದ್ದು ಕೇಳಿದ್ದು ಗೊತ್ತಾಗುತ್ತದೆ. ಆಡದಿದ್ದರೆ ಇನ್ನೆಂದೂ ಇಲ್ಲ. ಐವತ್ತೇಳು ವರ್ಷದವನು ಕನ್ನಡಿಯ ಮುಂದೆ ಒಂದು ವಾಕ್ಯ ಬಾಯಿಪಾಠ ಮಾಡುತ್ತಿದ್ದೇನೆ, ಥೂ.

ಮೇ 30, ಬೆಳಿಗ್ಗೆ 6.40
ಹೋದೆ. ಜಾಡಿ ಹಿಡಿದು, ಬೇಲಿ ಸುತ್ತಿಕೊಂಡು. ಮಲಕವ್ವ ಟ್ರಕ್ ಹತ್ತಿ ಕೂತಿದ್ದಳು.
"ನೀವು ಹೇಳಿದಾಂಗ ಹಾಕೇನ್ರಿ ಮಲಕವ್ವ. ರುಚಿ ನೋಡ್ರಿ."
ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡಳು. ಜಾಡಿಗೆ ಚಾಚಿದ ಮಲಕವ್ವನ ಕೈ ಅಲ್ಲೇ ನಿಂತಿತು.
"ಅಂದ್ರ... ಎಲ್ಲಾ ಕೇಳೀರೇನ್ರಿ?"
ಎಲ್ಲಾ, ಅಂದೆ. ಅವಳು ನಗಲಿಲ್ಲ. ಒಂದು ಹೋಳು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು. ಉಪ್ಪು ಕಡಿಮೆ ಅಂದಳು. ಆಮೇಲೆ ದನಿ ತಗ್ಗಿಸಿ— "ಇಷ್ಟ್ ದಿನ ಮಾತಾಡದ ಒಬ್ಬರ ಹೆಂಗ ಇದ್ರಿ, ಯಣ್ಣಾ?"
ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟ್ರಕ್ ಹೊರಟಿತು. ಹೇಳಬೇಕೆಂದಿದ್ದು ಇಷ್ಟೇ, ಮಲಕವ್ವ, ನಾನು ಒಬ್ಬನೇ ಇರಲಿಲ್ಲ, ದಿನಾ ಮಧ್ಯಾಹ್ನ ಬೇಲಿಯಾಚೆ ನಿಮ್ಮ ಮಾತಿತ್ತು.