ಇಲ್ಲದ ನೌಕರಿಗೆ ಹೊದಿಸಿದ ಶಾಲು

ಖಟಕ ಚಿಂಚೋಳಿ
ಜೂನ್ ೧೨, ೨೦೨೫

ಪ್ರೀತಿಯ ಫರ್ಹೀನ,

ಹುಮನಾಬಾದಿನ ಹೊಸ ಮನೆಯಲ್ಲಿ ಚೆನ್ನಾಗಿದ್ದೀಯಾ? ನಿನ್ನ ಮದುವೆಯಾಗಿ ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ, ಬಯ್ಯಬೇಡ. ಜ್ವರ ಅಂತ ಹೇಳಿ ಮದುವೆಗೂ ತಪ್ಪಿಸಿಕೊಂಡೆ. ಜ್ವರ ಇರಲಿಲ್ಲ, ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಫೋನ್ ಮಾಡಿದರೆ ನೀನು ಎರಡೇ ಮಾತಿಗೆ ನಗಿಸಿಬಿಡುತ್ತೀ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ.

ನನಗೆ ನೌಕರಿ ಇಲ್ಲ, ಫರ್ಹೀನ. ಯಾವತ್ತೂ ಇರಲಿಲ್ಲ.

ಆ ಡೇಟಾ ಕೋರ್ಸು ಮಾಡಿದ್ದು ನಿಜ. ಆರು ತಿಂಗಳಲ್ಲಿ ಕಲಿತು ಮನೆಯಲ್ಲೇ ಕುಳಿತು ದುಡಿಯಬಹುದು ಎಂದು ಆನ್‌ಲೈನ್ ಕೋಚ್ ಸರ್ ದಿನಾ ಹೇಳುತ್ತಿದ್ದರು. ಕಲಿತ ಮೇಲೆ ಮುನ್ನೂರು ಕಡೆ ಅರ್ಜಿ ಹಾಕಿದೆ. ಒಂದು ಜಾಗಕ್ಕೆ ನಾಲ್ಕು ಸಾವಿರ ಜನ, ಎಲ್ಲರ ಕೈಯಲ್ಲೂ ನನ್ನದೇ ಥರದ ಸರ್ಟಿಫಿಕೇಟು. ಔರಾದ ಕಡೆಯ ಡಾಬಕಾದಿಂದ ನಾಗಸೇನ ಅಂತ ಒಬ್ಬ ನಮ್ಮ ಬ್ಯಾಚಿನಲ್ಲಿದ್ದ. ಅವನಿಗೂ ಏನೂ ಸಿಗಲಿಲ್ಲ, ಈಗ ತಾನೇ ಕೋಚ್ ಆಗಿದ್ದಾನೆ. ನಗು ಬರುತ್ತದೆ, ಅಲ್ಲವೇ? ನಾನೂ ಕಡಿಮೆಯವಳಲ್ಲ. ಹೊಸದಾಗಿ ವಿಚಾರಿಸುವವರಿಗೆ "ನನಗೆ ಸಿಕ್ಕಿತು, ನಿಮಗೂ ಸಿಗುತ್ತದೆ" ಎಂದು ಮೆಸೇಜು ಹಾಕುವ ಕೆಲಸವನ್ನು ಸರ್ ನನಗೆ ಕೊಟ್ಟರು. ಅದನ್ನೇ ಮನೆಯಲ್ಲಿ ನೌಕರಿ ಎಂದೆ.

ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿಗೆ ನಮ್ಮೂರ ಬುದ್ಧವಿಹಾರದಲ್ಲಿ ಆ ವರ್ಷ ನೌಕರಿ ಸಿಕ್ಕವರ ಹೆಸರು ಕೂಗಿ ಶಾಲು ಹೊದಿಸುತ್ತಾರೆ. ಅಜ್ಜಿ ಭೀಮಬಾಯಿ ನನ್ನನ್ನು ಒಂದು ಮಾತೂ ಕೇಳದೆ ಹೆಸರು ಬರೆಸಿದ್ದಳು. "ಮೊಮ್ಮಗಳಿಗಿ ಕಂಪ್ಯೂಟರ್ ನೌಕರಿ ಹತ್ಯಾದ್ರಿ, ಮನ್ಯಾಗ ಕುಂತೇ ಮಾಡ್ತಾಳ್ರಿ" ಅಂತ ಪಂಚರಿಗೆಲ್ಲ ಹೇಳಿಕೊಂಡು ಬಂದಿದ್ದಳು. ವೇದಿಕೆ ಹತ್ತಿದೆ. ಬಾಬಾಸಾಹೇಬರ ಫೋಟೋ ಎದುರಿಗೇ ಶಾಲು ಹೊದಿಸಿಕೊಂಡೆ, ಮೇಲೆ ಎರಡು ಮಾತೂ ಆಡಿದೆ. ಮುಂದಿನ ಸಾಲಿನಲ್ಲಿ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಗಲೂ ಇಳಿದುಬರಬಹುದಿತ್ತು.

ಆ ವಿಡಿಯೋ ಸ್ಟೇಟಸ್ಸಿನಲ್ಲಿ ನೋಡಿ ನಿನ್ನ ತಂಗಿ ಗುಡಿಯಾ ಫೋನ್ ಮಾಡಿದಳು. "ಅಪಾ, ಖರೇ ಹೇಳ್ರಿ, ನೌಕರಿ ಸಿಕ್ಕದೇನ್ರಿ? ನಾ ಲ್ಯಾಬಿಂದು ಬಿಟ್ಟು ಇದಕ್ಕ ಬರ್ಲೇನು?" ಬೀದರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಓದು ಮುಗಿಯಲು ಅವಳಿಗೆ ಒಂದೇ ವರ್ಷ ಉಳಿದಿತ್ತು. ಆ ವಾರ ನನ್ನ ಹೆಸರಿನಲ್ಲಿ ಕೋರ್ಸಿಗೆ ಹತ್ತು ಜನರನ್ನು ಸೇರಿಸಬೇಕೆಂದು ಸರ್ ಹೇಳಿದ್ದರು, ಒಂಬತ್ತು ಜನ ಆಗಿದ್ದರು.

"ಹೂಂ, ಸಿಕ್ಕದ ಗುಡಿಯಾ, ಬಾ" ಅಂದೆ.

ಮನೆಗೆಲಸವೆಲ್ಲ ಮುಗಿಸಿ ಅವಳು ಈಗ ಅದೇ ಪಾಠ ನೋಡುತ್ತಿದ್ದಾಳೆ, ಸಂಶಯ ಬಂದರೆ ನನ್ನನ್ನೇ ಕೇಳುತ್ತಾಳೆ. ನಾಚಿಕೆಯಿಂದ ಸಾಯುವಂತಾಗುತ್ತದೆ. ನಾನು ಅವಳ ಕಾಲೇಜಿಗೆ ಹೋಗಿ ವಿಚಾರಿಸಿದೆ. ಇದೇ ಇಪ್ಪತ್ತೈದರೊಳಗೆ ಬಂದರೆ ಹೆಸರು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ಈ ಕಾಗದವನ್ನು ಅವಳಿಗೆ ಓದಿ ಹೇಳು. ನಾನು ಹೇಳಿದರೆ ನಂಬುವುದಿಲ್ಲ, ಆ ಸರ್ ಜೊತೆ ನನಗೆ ಜಗಳವಾಗಿದೆ ಅಂದುಕೊಳ್ಳುತ್ತಾಳೆ. ನಾಳೆ ಅಜ್ಜಿಗೂ ಹೇಳುತ್ತೇನೆ, ಶಾಲನ್ನು ವಿಹಾರಕ್ಕೆ ಮರಳಿಸುತ್ತೇನೆ.

ನಿಮ್ಮ ಸಂಸಾರ ನಗುನಗುತ್ತಾ ಸಾಗಲಿ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ವಿಶಾಖಾ

ತಾ.ಕ.: ಗುಡಿಯಾ ಕಾಲೇಜಿಗೆ ಕೊಟ್ಟ ಅರ್ಜಿಯಲ್ಲಿ "ಅಕ್ಕನ ಮದುವೆಯ ಕಾರಣ ಓದು ಬಿಡುತ್ತಿದ್ದೇನೆ" ಎಂದು ಇದೆ. ತಂಗಿಯ ಓದನ್ನು ನೀನೇ ಬಿಡಿಸಿದೆ ಅಂತ ನಿಮ್ಮ ಅಮ್ಮಿ ಖತೀಜಾ ಬೇಗಂ ನಿನ್ನ ಜೊತೆ ಮಾತು ಬಿಟ್ಟಿದ್ದಾರಂತೆ. ಗುಡಿಯಾ ಉರ್ದು ಶಾಲೆಯಲ್ಲಿ ಓದಿದವಳು, ಕನ್ನಡದಲ್ಲಿ ಅರ್ಜಿ ಬರೆಯಲು ಅವಳಿಗೆ ಬರುವುದಿಲ್ಲ. ಬರೆದುಕೊಟ್ಟವಳು ನಾನು. ಕಾರಣ ಏನು ಹಾಕಲಿ ಎಂದು ನಾನು ಅವಳನ್ನು ಕೇಳಲೇ ಇಲ್ಲ.