ನಡುಬಳೆಯ ಅಗಲ

ಫೆಬ್ರವರಿ 30, ಕ್ರಿ.ಶ. 2347
ಒಳಊರು, ರಾಯಚೂರು ಸೀಮೆ

ಮಾನ್ಯ ಇಂಜಿನಿಯರ್ ವಿಶಾಲಾಕ್ಷಿ ಹಂಚಿನಾಳ ಅವರಿಗೆ,

ತಾರೀಖು ಕೈತಪ್ಪಿ ಬರೆದದ್ದಲ್ಲ. ಸೂರ್ಯನನ್ನೇ ಕಾಣದ ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಬರೆಯುವ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ನಕ್ಷೆಗಳ ಅಂಚಿನ ಟಿಪ್ಪಣಿಗಳಿಂದ.

ಹಳೆಯ ಚಿನ್ನದ ಗಣಿಯ ಆಳದಲ್ಲಿ ನಾವು ಆರುನೂರು ಜನ ಇದ್ದೇವೆ. ಮೇಲಿನ ಗಾಳಿ ಉಸಿರಾಡಲು ಬಾರದು. ಅದನ್ನು ಸೋಸಿ, ಒತ್ತಡದಲ್ಲಿ ತುಂಬಿಡುವ ಉಕ್ಕಿನ ಟ್ಯಾಂಕಿಗೆ ಉಸಿರುಗಡಿಗೆ ಎನ್ನುತ್ತೇವೆ. ಎಷ್ಟೋ ತಲೆಮಾರುಗಳ ಹಿಂದೆ ನೀವು ಬೇರಾವುದಕ್ಕೋ ವಿನ್ಯಾಸ ಮಾಡಿದ ಟ್ಯಾಂಕು ಅದು. ಮಕ್ಕಳು ಅದಕ್ಕೆ ಕೈ ಮುಟ್ಟಿಸಿ ಶಾಲೆಗೆ ಹೋಗುತ್ತಾರೆ, ತುಂಬುವಾಗ ಬೆಚ್ಚಗಾಗುವ ಅದರ ಮೈಮೇಲೆ ನಾವು ಬಟ್ಟೆ ಒಣಗಿಸುತ್ತೇವೆ. ಮುಚ್ಚಳವನ್ನು ಟ್ಯಾಂಕಿಗೆ ಬಿಗಿಯುವ ಅಗಲ ಅಂಚಿಗೆ, ಅಂದರೆ ಫ್ಲ್ಯಾಂಜಿಗೆ, ನಲವತ್ತು ಬೋಲ್ಟು. ಗಾಳಿ ಸೋರದಂತೆ ನಡುವೆ ಕೂರುವ ಮೆತ್ತನೆಯ ಗ್ಯಾಸ್ಕೆಟ್ಟಿಗೆ ಇಲ್ಲಿ ನಡುಬಳೆ ಎಂದು ಹೆಸರು. ಹತ್ತು ವರ್ಷಕ್ಕೊಮ್ಮೆ ಹೊಸ ಬಳೆ ಹಾಕುತ್ತೇವೆ. ಅದನ್ನು ಕತ್ತರಿಸಿದವರು ಮೊದಲ ಸಲ ಒತ್ತಡ ತುಂಬುವಾಗ ಮುಚ್ಚಳದ ಪಕ್ಕದಲ್ಲೇ ನಿಲ್ಲಬೇಕೆಂಬುದು ಕಟ್ಟಳೆ. ಮೈಗಳ್ಳರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ನಾನೂ ಒಂದು ಕಾಲಕ್ಕೆ ನಗುತ್ತಿದ್ದೆ.

ನಿಮ್ಮ ನಕ್ಷೆಯಲ್ಲಿ ಬಳೆಯ ಅಗಲ ಇಪ್ಪತ್ತೆರಡು ಮಿಲಿಮೀಟರ್. ಆದರೆ ಪಕ್ಕದಲ್ಲಿ ನಿಲ್ಲಬೇಕಾದವರಿಗೆ ಜೀವಭಯ ಇರುವುದಿಲ್ಲವೇ? ಭದ್ರವಾಗಿರಲೆಂದು ಪ್ರತಿಯೊಬ್ಬರೂ ಎರಡೆರಡು ಮಿಲಿಮೀಟರ್ ಸೇರಿಸುತ್ತ ಬಂದರು. ಕಳೆದ ಸಲ ನನ್ನ ಅಣ್ಣ ಹನುಮೇಶ ಕತ್ತರಿಸಿದ ಬಳೆ ನಲವತ್ತಾರಾಗಿತ್ತು. ಒತ್ತಡ ಏರುತ್ತಿದ್ದಂತೆ ಅದು ಒಂದು ಬದಿಯಲ್ಲಿ ಕಿತ್ತು ಹೊರಗೆ ಚಿಮ್ಮಿತು. ಅಣ್ಣ ಉಳಿಯಲಿಲ್ಲ. ಅಗಲ ಸಾಲಲಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ತೆಗೆದಿಟ್ಟಿದ್ದ ಹಳೆಯ ಬಳೆಯನ್ನೇ ಮತ್ತೆ ಹಾಕಿ, ಕಡಿಮೆ ಒತ್ತಡದಲ್ಲಿ ಇಷ್ಟು ವರ್ಷ ದೂಡಿದೆವು.

ಹತ್ತು ವರ್ಷ ಲೆಕ್ಕ ಹಾಕಿ ನಾನು ತಿಳಿದದ್ದು ತೀರಾ ಸರಳ. ಬಳೆಯನ್ನು ಚೆನ್ನಾಗಿ ಅದುಮಿದರೆ ಮಾತ್ರ ಅದು ಫ್ಲ್ಯಾಂಜಿನ ಸಣ್ಣ ಗೀರುಗಳನ್ನು ತುಂಬಿಕೊಂಡು ಗಾಳಿಯನ್ನು ತಡೆಯುತ್ತದೆ. ಬೋಲ್ಟುಗಳ ಬಲ ಇರುವಷ್ಟೇ. ಅಗಲ ಹೆಚ್ಚಾದಂತೆ ಆ ಬಲ ಹಂಚಿಹೋಗುತ್ತದೆ. ಹಿಟ್ಟಿನ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಅಷ್ಟೇ ಬಲದಲ್ಲಿ ಅಂಗೈ ಊರಿದರೆ ಗುರುತೂ ಮೂಡುವುದಿಲ್ಲ. ಇನ್ನಷ್ಟು ಬಿಗಿದರೆ ಬೋಲ್ಟುಗಳೇ ಹಿಗ್ಗುತ್ತವೆ.

ಇದನ್ನು ಸಭೆಯಲ್ಲಿ ಹೇಳಿದೆ. ಹಿರಿಯರು ನಕ್ಷೆ ಬಿಡಿಸಿ, "ಇಪ್ಪತ್ತೆರಡು ಯಾಕಂತ ಆ ತಾಯಿ ಬರದಾಳೇನು? ತೋರಸು ಮತ್ತ" ಎಂದರು. ನೀವು ಬರೆದಿಲ್ಲ. ಅಂಕಿ ಮಾತ್ರ ಇದೆ, ಕಾರಣ ಇಲ್ಲ. ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ.

ಈ ಸಲದ ಪಾಳಿ ನನ್ನ ಮಗಳು ಅಂಬಮ್ಮನದು. ಸಭೆಯ ಅಪ್ಪಣೆಯಂತೆ ಅವಳು ಐವತ್ತಕ್ಕೆ ಕತ್ತರಿಸಿದ್ದಾಳೆ. "ಯವ್ವಾ, ಮಾವ ಕತ್ತರಿಸಿದ್ದ ಬಳಿ ಸಣ್ಣದಿತ್ತು. ನಂದು ಅಗಲ ಐತಿ, ಅಂಜಬ್ಯಾಡ" ಎಂದು ನನಗೇ ಧೈರ್ಯ ಹೇಳುತ್ತಾಳೆ.

ಈ ಕಾಗದ ಹೇಗಾದರೂ ನಿಮ್ಮ ಕೈಸೇರಿದರೆ, ಆ ಅಂಕಿಯ ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಇದಕ್ಕಿಂತ ಅಗಲವಾದರೆ ಬೋಲ್ಟುಗಳ ಬಲ ಸಾಲದು. ನಿಮಗೆ ಅದು ಎಲ್ಲರಿಗೂ ಗೊತ್ತಿರುವ ವಿಷಯ ಅನಿಸಿರಬಹುದು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಎಂಟಕ್ಕೆ ಒತ್ತಡ ತುಂಬುತ್ತಾರೆ. ಮಗಳ ಬದಲು ನಾನು ನಿಲ್ಲುತ್ತೇನೆ ಎಂದು ಬೇಡಿಕೊಂಡೆ, ಕಟ್ಟಳೆ ಒಪ್ಪುವುದಿಲ್ಲ ಎಂದರು. ಜೊತೆಗೆ ನಿಲ್ಲಬಾರದು ಎಂಬ ಕಟ್ಟಳೆ ಇಲ್ಲ. ಮುಚ್ಚಳಕ್ಕೂ ಅವಳಿಗೂ ನಡುವೆ ನಿಲ್ಲುತ್ತೇನೆ.

ಹುಲಿಗೆಮ್ಮ